ಜಿವೆನಿಯ ನಕ್ಷೆ

ನಕ್ಷೆ ಬರೆದವಳು ನಾನು. ಪೊಲೀಸರು ಬರೆಯಲಿಲ್ಲ, ಸಂಸ್ಥೆಯವರು ಬರೆಯಲಿಲ್ಲ. ನಾನು ಬರೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣ ಎಂದು ಇಟ್ಟುಕೊಂಡರೆ ನನ್ನ ನಾಲಿಗೆ ಎಂತೆಂಥ ನೆಪ ಹುಡುಕುತ್ತದೆ ಎಂದು ನನಗೇ ಗೊತ್ತು. ಹತ್ತು ತಿಂಗಳು ನೆಪ ಹುಡುಕಿದ ನಾಲಿಗೆ ಇದು.

ನನ್ನ ಹೆಸರು ರಿಜಿಕಿ. ಈ ಬಂದರಿನಲ್ಲೇ ಹುಟ್ಟಿದವಳು. ಹದಿನಾರು ವರ್ಷ ಪುಡಿಯ, ಸೂಜಿಯಲ್ಲಿ ಚುಚ್ಚಿಕೊಳ್ಳುವ ಆ ಅಮಲಿನ, ಹಿಂದೆ ಬಿದ್ದಿದ್ದೆ. ಈಗ ಆರು ವರ್ಷದಿಂದ ಸಿರಪ್ಪಿನ ಮೇಲಿದ್ದೇನೆ. ಪುಡಿಯ ಹಸಿವು ಕಟ್ಟುವ ಔಷಧಿ ಅದು. ದಿನಾ ಬೆಳಿಗ್ಗೆ ಸರ್ಕಾರಿ ಕ್ಲಿನಿಕ್ಕಿನ ಕಿಟಕಿಯ ಮುಂದೆ ಸಾಲು ನಿಲ್ಲಬೇಕು. ನರ್ಸಿನ ಕಣ್ಣೆದುರು ಕುಡಿಯಬೇಕು. ನುಂಗಿದೆ ಎಂದು ಬಾಯಿ ತೆರೆದು ತೋರಿಸಬೇಕು. ನಲವತ್ತೊಂದು ವರ್ಷದ ಹೆಂಗಸು ದಿನಾ ನಾಲಿಗೆ ಎತ್ತಿ ತೋರಿಸುತ್ತೇನೆ. ಮೊದಮೊದಲು ಅಳು ಬರುತ್ತಿತ್ತು, ಈಗ ಬರುವುದಿಲ್ಲ.

ಕುಡಿದ ಮೇಲೆ, ಪುಡಿಯವರಿಗಾಗಿ ಇರುವ ಸಂಸ್ಥೆಯೊಂದರ ಕೆಲಸ. ಹೆಗಲಿಗೆ ಹೊಸ ಸೂಜಿಗಳ ಚೀಲ, ಒಂದು ಕೈಯಲ್ಲಿ ಹಳೆ ಸೂಜಿ ಹಾಕುವ ಹಳದಿ ಡಬ್ಬ, ಇನ್ನೊಂದರಲ್ಲಿ ಉದ್ದನೆ ಚಿಮಟ. ಪುಡಿಯವರು ಕೂಡುವ ಜಾಗಕ್ಕೆ ನಮ್ಮಲ್ಲಿ ಮಸ್ಕಾನಿ ಎನ್ನುತ್ತಾರೆ. ಜಿವೆನಿ ಕೇರಿಯ ಮಸ್ಕಾನಿಗಳನ್ನೆಲ್ಲ ಸುತ್ತುತ್ತಿದ್ದೆ. ರೋಗ ಹರಡದಿರಲಿ ಎಂದು ಹೊಸ ಸೂಜಿ ಕೊಟ್ಟು ಹಳೆಯದನ್ನು ಹೆಕ್ಕುತ್ತಿದ್ದೆ. ಗೋಡೆಯ ಬುಡದಲ್ಲಿ, ಮೀನಿನ ಕರುಳಿನ ನಡುವೆ, ಉಚ್ಚೆ ಹೊಯ್ದ ಮರಳಿನಲ್ಲಿ ಬಗ್ಗಿ ಬಗ್ಗಿ ಮಧ್ಯಾಹ್ನಕ್ಕೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಪುಡಿ ಬಿಟ್ಟು ಆರು ವರ್ಷವಾದರೂ ಊರಿನ ಬಾಯಲ್ಲಿ ನಾನು ಪುಡಿ ಗಿರಾಕಿಯೇ. ಮೀನುಕಟ್ಟೆಯ ಚಹಾದವನು ನನಗೆ ಬೇರೆ ಲೋಟ ಇಟ್ಟಿದ್ದ. ಅದರ ಹಿಡಿ ಮುರಿದಿತ್ತು. ತೊಳೆದು ತಲೆಕೆಳಗೆ ಇಡುವುದೂ ನನ್ನದೇ ಕೆಲಸ.

ಸೌಮು ನನ್ನ ಗೆಳತಿ. ನಾನು ಬಿಟ್ಟೆ, ಅವಳು ಬಿಡಲಿಲ್ಲ. ಸಿರಪ್ಪಿಗೆ ಹೆಸರು ಕೊಟ್ಟು ಎರಡು ವರ್ಷ ಕಾದಳು, ಅವಳ ಸರದಿ ಬರಲಿಲ್ಲ. ಬೆಳಗಿನ ಜಾವದಿಂದ ದೋಣಿಯವರ ಮೀನು ಸೀಳುತ್ತಿದ್ದಳು. ಉಪ್ಪುನೀರಿನಲ್ಲಿ ನೆಂದು ನೆಂದು ಅವಳ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಹಿಂದೊಮ್ಮೆ ಪುಡಿ ಹೆಚ್ಚಾಗಿ ನನ್ನ ಉಸಿರು ಸಣ್ಣಗಾಗಿ ತುಟಿ ನೀಲಿಯಾಯಿತು. ಜೊತೆಗಿದ್ದವರೆಲ್ಲ ಓಡಿದರು. ಸೌಮು ನನ್ನನ್ನು ಮೀನಿನ ಕೈಗಾಡಿಗೆ ಎಳೆದು ಹಾಕಿಕೊಂಡು ಮೂರು ಮೈಲಿ ತಳ್ಳಿದಳು. ದಾರಿಯುದ್ದಕ್ಕೂ ಕೆನ್ನೆಗೆ ಬಾರಿಸುತ್ತ, ನನ್ನ ಅಮ್ಮ ಅಜ್ಜಿಯರನ್ನೆಲ್ಲ ಬೈಯುತ್ತ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನನ್ನ ಮೈತುಂಬ ಮೀನಿನ ಪರೆ.

"ಸತ್ತಿದ್ರೆ ಗಾಡಿ ತೊಳೆಯೋ ಕೆಲಸ ಬೇರೆ ನನ್ ತಲೆ ಮೇಲೆ ಬೀಳ್ತಿತ್ತು ಕಣೇ" ಅಂದಳು.

ಈ ಜೀವ ಅವಳು ತಳ್ಳಿ ತಂದದ್ದು. ಮುಂದಿನದನ್ನು ಕೇಳುವಾಗ ಇದು ನೆನಪಿರಲಿ.

ನಕ್ಷೆ ಬರೆಯುವುದಕ್ಕೆ ನಮ್ಮದೊಂದು ಕ್ರಮ ಇತ್ತು. ವರ್ಷಕ್ಕೊಮ್ಮೆ ಮಸ್ಕಾನಿಗಳವರನ್ನೆಲ್ಲ ಒಂದು ಕಡೆ ಕೂರಿಸುತ್ತಿದ್ದೆವು. ಪಾವ್‌ರೊಟ್ಟಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳು ಕೊಡುತ್ತಿದ್ದೆವು. ಇದ್ದಿಲಿನಿಂದ ನೆಲದ ಮೇಲೆ ಕೇರಿಯ ದಾರಿಗಳನ್ನು ಗೀಚುತ್ತಿದ್ದೆ. ಸೋಡಾ ಬಾಟಲಿಯ ಮುಚ್ಚಳಗಳನ್ನು ಎಲ್ಲರ ಕೈಗೂ ಕೊಡುತ್ತಿದ್ದೆ. ಅವರವರ ಜಾಗದ ಮೇಲೆ ಅವರವರೇ ಮುಚ್ಚಳ ಇಡಬೇಕು. ಇಟ್ಟರೆ ಮಾತ್ರ ಆ ಜಾಗ ಕಾಗದಕ್ಕೆ ಹೋಗುತ್ತದೆ. ಇಡದಿದ್ದರೆ ಇಲ್ಲ, ಯಾಕೆ ಎಂದು ಕೇಳುವಂತೆಯೂ ಇಲ್ಲ. ಆ ಕಾಗದ ನೋಡಿ ಎಲ್ಲಿಗೆ ಎಷ್ಟು ಸೂಜಿ ಎಂದು ತೀರ್ಮಾನ. ಬರೆದದ್ದು ಸಂಸ್ಥೆಯ ಕಬ್ಬಿಣದ ಬೀರುವಿನಿಂದ ಆಚೆ ಹೋಗಕೂಡದು. ಈ ಕ್ರಮವನ್ನು ನಾನೇ ಹತ್ತು ಜನಕ್ಕೆ ಕಲಿಸಿದ್ದೆ.

ಆ ವರ್ಷ ಹದಿಮೂರು ಮುಚ್ಚಳ ಬಿದ್ದವು. ಸೌಮು ತನ್ನದನ್ನು ಮುಷ್ಟಿಯಲ್ಲೇ ಹಿಡಿದು ಕೂತಳು. ಹಳೇ ಐಸ್ ಕಾರ್ಖಾನೆಯ ಹಿಂದೆ ಸೌಮುವನ್ನೂ ಎಣಿಸಿ ಒಂಬತ್ತು ಜನ ಹೆಂಗಸರು ಸೇರುತ್ತಿದ್ದರು. ಅದು ಗಂಡಸರಿಗೂ ಗೊತ್ತಿರದ ಜಾಗ. ಅಲ್ಲಿ ಯಾರೂ ಮೈಮೇಲೆ ಬೀಳುತ್ತಿರಲಿಲ್ಲ. ಅಷ್ಟೇ ಅದರ ಸುಖ.

"ನಮ್ಮದು ಬೇಡ ಕಣೇ. ನೀನು ದಿನಾ ಬರ್ತೀಯಲ್ಲ, ನಿನಗೆ ಗೊತ್ತಿದ್ರೆ ಸಾಕು. ಕಾಗದಕ್ಕೆ ಯಾಕೆ ಗೊತ್ತಾಗ್ಬೇಕು" ಅಂದಳು.

ಆಯ್ತು ಅಂದೆ. ಆಮೇಲೆ ಕಚೇರಿಗೆ ಬಂದು ಕಾಗದದ ಮೇಲೆ ಬರೆಯುವಾಗ ನನ್ನ ನಕ್ಷೆ ಬೋಳಾಗಿ ಕಂಡಿತು. ಗಂಡಸರ ಜಾಗ ಹದಿಮೂರು, ಹೆಂಗಸರದು ಒಂದೂ ಇಲ್ಲ. ಹೆಂಗಸರನ್ನು ತಲುಪಿದ್ದೀರಾ ಎಂದು ದುಡ್ಡು ಕೊಡುವ ವಿದೇಶದವರು ಪ್ರತಿ ಸಲ ಕೇಳುತ್ತಿದ್ದರು. ತಲುಪಿದ್ದೆನಲ್ಲ, ದಿನಾ ಹೋಗುತ್ತಿದ್ದೆನಲ್ಲ. ಪೆನ್ನಿನ ತುದಿ ಒತ್ತಿ ಹದಿನಾಲ್ಕನೇ ಚುಕ್ಕಿ ಇಟ್ಟೆ. ಪಕ್ಕದಲ್ಲಿ ಒಂಬತ್ತು ಎಂದು ಬರೆದೆ. ಬೀರುವಿನಲ್ಲೇ ಇರುವುದಲ್ಲ ಎಂದುಕೊಂಡೆ.

ಸಂಸ್ಥೆ ನಡೆಸುತ್ತಿದ್ದವರು ಮೇಡಂ ಲೊಯ್ಸ್. ಕೆಟ್ಟವರಲ್ಲ. ಆರು ವರ್ಷ ಮಂತ್ರಿಗಳ ಬಾಗಿಲು ಕಾದು ಈ ಊರಿಗೆ ಸಿರಪ್ ತರಿಸಿದವರು ಅವರೇ. ಆ ಮಾರ್ಚ್ ತಿಂಗಳಲ್ಲಿ ಅವರು ನನ್ನನ್ನು ವಿಯೆನ್ನಾಗೆ ಕರೆದುಕೊಂಡು ಹೋದರು. ಲೋಕದ ದೇಶಗಳೆಲ್ಲ ಕೂತು ಮಾದಕ ವಸ್ತುಗಳ ನೀತಿ ಚರ್ಚಿಸುವ ಸಭೆ ಅಲ್ಲಿ ನಡೆಯುತ್ತದೆ. ನಮ್ಮಂಥ ಸಂಘಸಂಸ್ಥೆಯವರಿಗೂ ಅಲ್ಲಿ ಒಂದು ಮೂಲೆ ಇದೆ. ಪುಡಿ ಬಳಸಿದವರೇ ಬಂದು ಮಾತಾಡಿದರೆ ಬೆಲೆ ಜಾಸ್ತಿ ಎಂದರು ಮೇಡಂ. ಕ್ಲಿನಿಕ್ಕಿನವರು ಎಂಟು ದಿನದ ಸಿರಪ್ಪನ್ನು ಎಂಟು ಸಣ್ಣ ಬಾಟಲಿಗೆ ಹಾಕಿ, ಮೂರು ಮೊಹರಿನ ಪತ್ರ ಕೊಟ್ಟರು. ದಾರಿಯ ಒಂದು ವಿಮಾನ ನಿಲ್ದಾಣದಲ್ಲಿ ನನ್ನನ್ನು ಬೇರೆ ಕೋಣೆಗೆ ಕರೆದು ಬಟ್ಟೆ ಬಿಚ್ಚಿಸಿದರು. ಪತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಬಾಟಲಿ ಮೂಸಿದರು. ಮೇಡಂ ಹೊರಗೆ ಎರಡು ಗಂಟೆ ನಿಂತು ಬೆವರಿದರು. ನಾನು ಬೆವರಲಿಲ್ಲ, ನನಗೆ ಅದು ರೂಢಿ.

ದೊಡ್ಡ ಸಭಾಂಗಣದಲ್ಲಿ ನಮಗೆ ಮಾತಿರಲಿಲ್ಲ ಆ ವರ್ಷ. ಪಕ್ಕದ ಸಣ್ಣ ಕೋಣೆಯಲ್ಲಿ ಊಟದ ಹೊತ್ತಿನಲ್ಲಿ ಒಂದು ಗಂಟೆ ಕೊಟ್ಟಿದ್ದರು. ಜನ ಬರಲಿ ಎಂದು ಬ್ರೆಡ್ಡು, ಚೀಸು ಇಟ್ಟಿದ್ದರು. ನಲವತ್ತು ಜನ ಬಂದರು. ಮೇಡಂ ಗೋಡೆಯ ಮೇಲೆ ನನ್ನ ನಕ್ಷೆಯನ್ನು ಬೆಳಕಿನಲ್ಲಿ ಬಿಟ್ಟರು. ಬೀರುವಿನಲ್ಲಿ ಇರಬೇಕಾದದ್ದು ಆಳುದ್ದ ಗೋಡೆಯ ಮೇಲೆ ಬಂತು. ಆಗ ನನಗೆ ಎದೆ ಝಲ್ಲೆನ್ನಬೇಕಿತ್ತು. ಅನ್ನಲಿಲ್ಲ. ನನ್ನ ಅಕ್ಷರ ಅಷ್ಟು ದೊಡ್ಡದಾಗಿ ಕಂಡಿದ್ದು ನೋಡಿ ಹೆಮ್ಮೆಯಾಯಿತು. ಕೋಲು ಹಿಡಿದು ತೋರಿಸಿದೆ. ಇಲ್ಲಿ ಇಪ್ಪತ್ತೆರಡು ಜನ, ಇಲ್ಲಿ ಮೂವತ್ತು, ಕೊನೆಯದರಲ್ಲಿ ಒಂಬತ್ತು ಹೆಂಗಸರು. ಮೇಡಂ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಮುಂದಿನ ಸಾಲಿನಲ್ಲಿ ನಮ್ಮ ದೇಶದ ಸರ್ಕಾರದ ಕಡೆಯವರೊಬ್ಬರು ಕೂತಿದ್ದರು. ಹೆಸರು ಮಝೇರ. ಬೂದು ಕೋಟು, ಮೆದು ದನಿ. ಎದ್ದು ನಿಂತು ನಮ್ಮ ಭಾಷೆಯಲ್ಲೇ ಮಾತಾಡಿದರು. ಅದೂ ನನ್ನನ್ನು ಬಹುವಚನದಲ್ಲಿ ಕರೆದು.

"ಅಕ್ಕಾವ್ರೇ, ನಿಮ್ಮ ಕೆಲಸ ನೋಡಿ ನಂಗೆ ನಾಚ್ಕೆ ಆಯ್ತು. ಸರ್ಕಾರದಲ್ಲಿದ್ದು ನಾವು ಇಷ್ಟು ಮಾಡಿಲ್ಲ. ಹೆಂಗಸರಿಗೇ ಅಂತ ಬೇರೆ ಕ್ಲಿನಿಕ್ ಮಾಡ್ಬೇಕು ಅಂತ ನನ್ನ ಆಸೆ. ಆ ಕೊನೇ ಚುಕ್ಕಿ ಎಲ್ಲಿ ಬರುತ್ತೆ, ಸ್ವಲ್ಪ ಹೇಳ್ತೀರಾ?"

ಮುರಿದ ಲೋಟದಲ್ಲಿ ಚಹಾ ಕುಡಿಯುವವಳಿಗೆ ಕೋಟು ಹಾಕಿದ ದೊಡ್ಡ ಮನುಷ್ಯ ಅಕ್ಕಾವ್ರೇ ಎಂದರೆ ಏನಾಗುತ್ತದೆ ಗೊತ್ತೇ? ಕರಗಿಹೋದೆ. ಐಸ್ ಕಾರ್ಖಾನೆಯ ಹಿಂದೆ ಎಂದೆ. ಕಡಲ ಕಡೆಯ ಗೋಡೆ ಬಿದ್ದಿದೆ, ಅಲ್ಲಿಂದ ಒಳಗೆ ಹೋಗುತ್ತಾರೆ ಎಂದೆ. ಮೀನು ಸೀಳುವ ಕೆಲಸ ಮುಗಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ ಎಲ್ಲರೂ ಇರುತ್ತಾರೆ ಎಂದೆ. ಅವರು ಕೇಳದೇ ಇದ್ದದ್ದನ್ನೂ ಹೇಳಿದೆ. ಅವರು ಮೊಬೈಲು ತೆಗೆದು ಗೋಡೆಯ ಕಡೆ ಹಿಡಿದರು. ನನ್ನ ನೆರಳು ನಕ್ಷೆಯ ಮೇಲೆ ಬಿದ್ದಿತ್ತು. ಚಿತ್ರ ಚೆನ್ನಾಗಿ ಬರಲಿ ಎಂದು ನಾನೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.

ಊರಿಗೆ ಬಂದು ನಾಲ್ಕನೇ ವಾರ, ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸರು ಬಂದರು. ನಾನು ಕ್ಲಿನಿಕ್ಕಿನ ಸಾಲಿನಲ್ಲಿದ್ದೆ. ಆ ದಿನ ಸಿರಪ್ ತಡವಾಗಿತ್ತು. ಮೀನುಕಟ್ಟೆಯವರು ಆಮೇಲೆ ಹೇಳಿದ್ದು ಒಂದೇ ಮಾತು. ಹಿಂದೆಲ್ಲ ಪೊಲೀಸರು ಬಂದರೆ ಕುರುಡರ ಹಾಗೆ ಕೇರಿಯಲ್ಲಿ ಓಡಾಡಿ ಸಿಕ್ಕವರನ್ನು ಬಡಿದು ಹೋಗುತ್ತಿದ್ದರು. ಈ ಸಲ ಯಾರನ್ನೂ ದಾರಿ ಕೇಳಲಿಲ್ಲ. ಒಬ್ಬನ ಕೈಯಲ್ಲಿ ಕಾಗದ ಇತ್ತು. ನೆಟ್ಟಗೆ ಕಡಲ ಕಡೆಯಿಂದ ಬಂದು, ಬಿದ್ದ ಗೋಡೆ ದಾಟಿ ಒಳಗೆ ಹೋದರು. ಮಧ್ಯಾಹ್ನದೊಳಗೆ ಹದಿನಾಲ್ಕೂ ಜಾಗ ಮುಗಿಯಿತು. ಎಪ್ಪತ್ತೆಂಟು ಜನರನ್ನು ಲಾರಿಗೆ ತುಂಬಿದರು. ಹೆಂಗಸರನ್ನು ಜಡೆ ಹಿಡಿದು ಹತ್ತಿಸಿದರಂತೆ.

ಪುಡಿ ತಟ್ಟನೆ ನಿಂತರೆ ಮೈ ಏನಾಗುತ್ತದೆ ಎಂದು ನನಗೆ ಗೊತ್ತು. ಎಲುಬಿನೊಳಗೆ ಇರುವೆ ಹರಿಯುತ್ತದೆ. ಮೇಲಿಂದಲೂ ಕೆಳಗಿಂದಲೂ ನೀರು ಹೋಗುತ್ತದೆ. ಯಾರಾದರೂ ಉಪ್ಪುಸಕ್ಕರೆ ನೀರು ಕುಡಿಸುತ್ತಿದ್ದರೆ, ಒಂದು ಚಮಚ ಔಷಧಿ ಕೊಟ್ಟರೆ ಸಾಯುವುದಿಲ್ಲ. ಲಾಕಪ್ಪಿನಲ್ಲಿ ಕುಡಿಸುವವರು ಯಾರು? ಚೌಸಿಕು ಅನ್ನುವ ಹುಡುಗಿ ಸೌಮುವಿನ ಪಕ್ಕದಲ್ಲೇ ಮಲಗಿದ್ದಳಂತೆ. ನೀರು ಕೊಡಿ ಎಂದು ಕಂಬಿ ಬಡಿದರೆ, ನೆಲ ಹೊಲಸು ಮಾಡ್ತೀರಿ ಎಂದು ಬಕೆಟ್ಟನ್ನೇ ಎತ್ತಿಕೊಂಡು ಹೋದರಂತೆ. ಆರನೇ ದಿನ ಸೌಮು ಸತ್ತಳು. ಜ್ವರ ಎಂದು ಬರೆದರು.

ಹೆಣ ತೊಳೆಯಲು ಸೌಮುವಿನ ತಾಯಿ ಬಿ ಜುವೇನಾ ನನ್ನನ್ನೇ ಕರೆದರು. ಹಿರಿಯ ಹೆಂಗಸರನ್ನು ನಮ್ಮಲ್ಲಿ ಬಿ ಎಂದೇ ಕರೆಯುವುದು. ಪುಡಿಯವಳ ಹೆಣ ಮುಟ್ಟಲು ನೆರೆಹೊರೆಯ ಹೆಂಗಸರು ಬರಲಿಲ್ಲ. ಇಬ್ಬರೇ ತೊಳೆದೆವು. ಮೊಣಕಾಲು ತರಚಿತ್ತು, ತುಟಿ ಒಣಗಿ ಸೀಳಿತ್ತು, ಕಣ್ಣು ಗುಳಿ ಬಿದ್ದಿತ್ತು. ಬೆರಳ ತುದಿಗಳು ಮಾತ್ರ ಇನ್ನೂ ಬೆಳ್ಳಗೆ ಸುಕ್ಕಾಗಿದ್ದವು. ನಾನು ನೀರು ಹೊಯ್ದೆ, ಅವರು ಉಜ್ಜಿದರು. "ನೀನೊಬ್ಬಳಾದ್ರೂ ಬಂದೆಯಲ್ಲವ್ವ" ಅಂದರು. ನನ್ನ ಕೈಯಿಂದ ಚೊಂಬು ಜಾರಿತು. ಆಗ ಹೇಳಬೇಕಿತ್ತು. ಚೊಂಬು ಎತ್ತಿಕೊಂಡು ಮತ್ತೆ ನೀರು ತುಂಬಿದೆ.

ಪೊಲೀಸರ ಕೈಯಲ್ಲಿದ್ದದ್ದು ಮಝೇರ ತೆಗೆದ ನಮ್ಮ ನಕ್ಷೆಯ ಚಿತ್ರವೇ ಎಂದು ಮೇಡಂ ಲೊಯ್ಸ್ ಹತ್ತಿರ ಹೇಳಿದೆ. ಅವರು ಬಾಗಿಲು ಹಾಕಿ ಅತ್ತರು, ಆಮೇಲೆ ಮೂಗು ಒರೆಸಿಕೊಂಡು ಮಾತಾಡಿದರು. ಅದೇ ಚಿತ್ರ ಎಂಬುದಕ್ಕೆ ಸಾಕ್ಷಿ ಏನು ಎಂದರು. ಬಾಯಿಬಿಟ್ಟರೆ ಸರ್ಕಾರ ಮುನಿಸಿಕೊಳ್ಳುತ್ತದೆ, ಕ್ಲಿನಿಕ್ಕಿಗೆ ಬೀಗ ಬೀಳುತ್ತದೆ ಎಂದರು.

"ಮುನ್ನೂರು ಜನ ಕುಡೀತಿದಾರೆ ರಿಜಿಕಿ. ಅವರ ಬಾಯಿಂದ ಕಿತ್ಕೊಳ್ಳೋಣ್ವಾ? ನೀನೂ ಒಬ್ಬಳು ಅದ್ರಲ್ಲಿ, ಮರೀಬೇಡ."

ಸುಳ್ಳಲ್ಲ ಅದು. ಆ ಮುನ್ನೂರು ಜನರ ಹಿಂದೆ ನಾನು ಹತ್ತು ತಿಂಗಳು ಅಡಗಿ ಕೂತೆ. ದಿನಾ ಸಾಲು ನಿಂತು, ಕುಡಿದು, ನಾಲಿಗೆ ಎತ್ತಿ ತೋರಿಸಿದೆ. ಕೆಲಸಕ್ಕೆ ಹೋದರೆ ಮಸ್ಕಾನಿಗಳೆಲ್ಲ ಖಾಲಿ. ಜನ ಎಲ್ಲೆಲ್ಲೋ ಚದುರಿದ್ದರು. ಜೈಲಿನಿಂದ ಬಿಟ್ಟು ಬಂದವರು ದಾರಿಯಲ್ಲಿ ಸಿಕ್ಕರೆ, ಯಾರೋ ನಮ್ಮವರೇ ಹಿಡಿದುಕೊಟ್ಟಿದ್ದಾರೆ ಅಕ್ಕ, ಹುಷಾರು ಎಂದು ನನಗೇ ಹೇಳುತ್ತಿದ್ದರು. ಹೌದೇ ಎನ್ನುತ್ತಿದ್ದೆ. ಬಾಡಿಗೆ ಕೊಡದೆ ತಪ್ಪಿಸಿಕೊಂಡು ತಿರುಗುತ್ತಿದ್ದ ಒಬ್ಬ ದೋಣಿಯವನ ಮೇಲೆ ಅನುಮಾನ ಬಂದು ಅವನ ಹಲ್ಲು ಉದುರಿಸಿದರು. ಅವನು ನೆಲದ ಮೇಲೆ ರಕ್ತ ಉಗುಳುವುದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಮತ್ತೆ ಮಾರ್ಚ್ ತಿಂಗಳು ಬಂತು. ಈ ಸಲ ದೊಡ್ಡ ಸಭಾಂಗಣದಲ್ಲೇ ನಮಗೆ ಮೂರು ನಿಮಿಷ ಸಿಕ್ಕಿತ್ತು. ಓದಬೇಕಾದದ್ದನ್ನು ಮೇಡಂ ಮೊದಲೇ ಬರೆದು ಸಭೆಯವರಿಗೆ ಕಳಿಸಿಯಾಗಿತ್ತು. ಯಾವ ದೇಶದ ಹೆಸರೂ ಎತ್ತಬಾರದು, ಯಾವ ಅಧಿಕಾರಿಯ ಹೆಸರೂ ಎತ್ತಬಾರದು, ಅದು ಅಲ್ಲಿಯ ಮರ್ಯಾದೆ ಎಂದರು. ಒಂದು ಪುಟದ ಇಂಗ್ಲಿಷು. ಅದನ್ನು ನಮ್ಮ ಅಕ್ಷರದಲ್ಲಿ ಬರೆದುಕೊಂಡು ಎರಡು ವಾರ ಬಾಯಿಪಾಠ ಮಾಡಿದೆ. ಅರ್ಥ ಕೇಳಿದೆ. ಸರ್ಕಾರದ ಜೊತೆ ನಮ್ಮ ಸಹಭಾಗಿತ್ವ ದಿನೇ ದಿನೇ ಗಟ್ಟಿಯಾಗುತ್ತಿದೆ ಎಂದಿತ್ತು. ಸೌಮು ಒಂದು ಸಾಲಿನಲ್ಲಿದ್ದಳು. ಕಳೆದ ವರ್ಷ ನಮ್ಮ ಸಮುದಾಯ ಒಬ್ಬ ಸೋದರಿಯನ್ನು ಕಳೆದುಕೊಂಡಿತು, ಅಷ್ಟೇ. ಕಳೆದುಕೊಂಡಿತಂತೆ, ಕೊಡೆಯೋ ಚಪ್ಪಲಿಯೋ ಕಳೆದ ಹಾಗೆ.

ನನ್ನ ಸರದಿ ಬಂತು. ಮೈಕಿನ ಮುಂದೆ ಕೂತೆ. ಎರಡನೇ ಸಾಲಿನಲ್ಲಿ ಮಝೇರ ಇದ್ದರು. ಬೂದು ಕೋಟು, ಅದೇ ನಗು. ನನ್ನನ್ನು ಗುರುತು ಹಿಡಿದು ತಲೆಯಾಡಿಸಿದರು. ಆ ನಗು ನೋಡಿ ಕಾಗದ ಮಗುಚಿ ಹಾಕಿದೆ. ನಮ್ಮ ಭಾಷೆಯಲ್ಲಿ ಶುರು ಮಾಡಿದೆ.

"ನನ್ನ ಹೆಸರು ರಿಜಿಕಿ. ಹೋದ ವರ್ಷ ಇದೇ ಕಟ್ಟಡದಲ್ಲಿ ನಾನು ಒಂದು ನಕ್ಷೆ ತೋರಿಸ್ದೆ. ಅದರಲ್ಲಿ ಒಂದು ಜಾಗ ಹಾಕ್ಬೇಡ ಅಂತ ಸೌಮು ಹೇಳಿದ್ಲು. ನಾನು ಹಾಕ್ದೆ. ಅಗೋ ಅಲ್ಲಿ ಕೂತಿರೋ ಮಝೇರ ಫೋಟೋ ತಗೊಂಡ್ರು. ನಾಲ್ಕು ವಾರಕ್ಕೆ ಪೊಲೀಸ್ರು ಆ ಜಾಗಕ್ಕೆ ಬಂದ್ರು. ನೀರು ಕೊಡದೆ ಸೌಮುನ ಸಾಯಿಸಿದ್ರು. ತೋರಿಸ್ಕೊಟ್ಟವಳು ನಾನು. ನಿಮ್ಮ ಮುಂದೆ ಒಪ್ಕೊಳ್ತಾ ಇದೀನಿ."

ಜನ ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ತಿರುಗಿಸಿದರು, ತಟ್ಟಿದರು. ಕೆಟ್ಟಿದೆ ಎಂದುಕೊಂಡರು. ಗಾಜಿನ ಗೂಡಿನೊಳಗೆ ಕೂತ ದುಭಾಷಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಸಭೆಯಲ್ಲಿ ಆರು ಭಾಷೆ ನಡೆಯುತ್ತದೆ, ನಮ್ಮದು ಅದರಲ್ಲಿಲ್ಲ. ಕೆಂಪು ದೀಪ ಹತ್ತಿತು. ಅಧ್ಯಕ್ಷರ ಕುರ್ಚಿಯಿಂದ ಮನಮುಟ್ಟುವ ಮಾತಿಗೆ ಕೃತಜ್ಞತೆ ಎಂದರು. ಚಪ್ಪಾಳೆ ಬಿತ್ತು. ಮಝೇರ ಕೂಡ ತಟ್ಟಿದರು. ಅಂಗೈಗೆ ಅಂಗೈ ಚೆನ್ನಾಗಿ ಕೂಡುವ ಹಾಗೆ, ನನ್ನನ್ನೇ ನೋಡುತ್ತ.

ಮೊಗಸಾಲೆಯಲ್ಲಿ ಮೇಡಂ ನನ್ನ ತೋಳು ಹಿಡಿದರು.

"ದೇವರು ದೊಡ್ಡೋನು. ಹೊರದೇಶದೋರು ಯಾರಿಗೂ ಅರ್ಥ ಆಗ್ಲಿಲ್ಲ. ಕಡತಕ್ಕೆ ನಾವು ಕಳಿಸಿದ್ದೇ ಹೋಗಿರೋದು."

ಅಂದರೆ ಲೋಕದ ಕಡತದಲ್ಲಿ ರಿಜಿಕಿ ಎಂಬವಳು ಸರ್ಕಾರವನ್ನು ಹೊಗಳಿದ್ದಾಳೆ. ಅದು ಹಾಗೇ ಇರುತ್ತದೆ. ಆದರೆ ಅವರನ್ನು ಬೈದು ಪಾರಾಗುವವಳಲ್ಲ ನಾನು. ಆರು ಭಾಷೆಯ ಸಂಗತಿ ನನಗೆ ಹೋದ ವರ್ಷವೇ ಗೊತ್ತಿತ್ತು. ಮುರುಕು ಇಂಗ್ಲಿಷು ಬರುತ್ತಿತ್ತು. ಪೊಲೀಸು, ಫೋಟೋ, ನಾನು, ಸತ್ತಳು. ಇಷ್ಟು ನಾಲ್ಕು ಮಾತು ಸಾಕಿತ್ತು. ಆದರೂ ಮಝೇರ ಒಬ್ಬರನ್ನು ಬಿಟ್ಟರೆ ಆ ಸಭೆಯವರು ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳಿದೆ. ಹೇಳಿದ ಹಾಗೂ ಆಗಬೇಕು, ಸಿಕ್ಕಿಬೀಳಲೂ ಬಾರದು. ಪುಡಿ ಕದಿಯುವವರು ಹೀಗೇ ಮಾಡುತ್ತಾರೆ. ಆ ಬುದ್ಧಿ ಸಿರಪ್ಪಿನಿಂದ ಹೋಗುವುದಿಲ್ಲ.

ಊರಿಗೆ ಬಂದ ದಿನವೇ ಬಿ ಜುವೇನಾ ಮನೆಗೆ ಹೋದೆ. ಅವರು ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಮುಷ್ಟಿಯಲ್ಲಿ ಉಳಿದ ಮುಚ್ಚಳ, ನಾನಿಟ್ಟ ಚುಕ್ಕಿ, ಅಕ್ಕಾವ್ರೇ ಅನಿಸಿಕೊಂಡದ್ದು, ಪಕ್ಕಕ್ಕೆ ಸರಿದದ್ದು. ಅವರ ಕೈ ನಿಲ್ಲಲಿಲ್ಲ. ಒಂದು ಗರಿ ಮುಗಿಸಿ ಇನ್ನೊಂದು ತೆಗೆದುಕೊಂಡರು. ದೇಶದೇಶದವರ ಮುಂದೆ ಒಪ್ಪಿಕೊಂಡು ಬಂದೆ ಎಂದೂ ಹೇಳಿದೆ. ಅದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಎತ್ತರವಾಗಿತ್ತು, ನನಗೇ ಕೇಳಿಸಿತು.

"ಅಲ್ಲಿ ನನ್ನ ಮಗಳನ್ನ ಬಲ್ಲೋರು ಯಾರಿದ್ರು?" ಅಂತ ಕೇಳಿದರು.

ಯಾರೂ ಇಲ್ಲ ಅಂದೆ.

"ಹೆಣ ತೊಳೀವಾಗ ನನ್ನ ಪಕ್ಕದಲ್ಲಿದ್ದೆ. ಅವತ್ತು ಹೇಳ್ಲಿಲ್ಲ. ವಿಮಾನ ಹತ್ತಿ ಹೋಗಿ ಗೊತ್ತಿಲ್ದೋರಿಗೆ ಹೇಳಿದೀಯ. ಜೈಲಿಗೆ ಹೋಗ್ಬಂದ ಹೆಣ್ಮಕ್ಕಳು ಇಲ್ಲೇ ಇದಾರೆ. ಹಲ್ಲು ಉದುರಿಸ್ಕೊಂಡೋನು ಇಲ್ಲೇ ಇದಾನೆ. ಅವರಿಗೆ ಹೇಳಿದ್ಯಾ?"

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಗರಿ ಕೆಳಗಿಟ್ಟರು. ಹೆಗಲ ಮೇಲಿದ್ದ ಬಟ್ಟೆ ತೆಗೆದು ನನ್ನ ಕಣ್ಣಿಗೆ ಬಿಗಿಯಾಗಿ ಸುತ್ತಿದರು. ನನಗೆ ಅರ್ಥವಾಯಿತು. ಹೆಂಗಸರ ಹೊಸ ಜಾಗ ಅವರಿಗೆ ಗೊತ್ತಿತ್ತು. ದಿನಾ ಸೂಜಿ ಹಂಚುವ ನನಗೆ ಯಾರೂ ಹೇಳಿರಲಿಲ್ಲ, ಅವರಿಗೆ ಹೇಳಿದ್ದರು. ಅವರು ಅಲ್ಲಿಗೆ ಗಂಜಿ ಕಳಿಸುತ್ತಿದ್ದರು.

ಕೈ ಹಿಡಿದು ನಡೆಸಿದರು. ಎಷ್ಟು ಹೊತ್ತು ನಡೆದೆವು, ಕಡಲು ಯಾವ ಕಡೆ ಇತ್ತು ಎಂದು ಹೇಳುವುದಿಲ್ಲ. ನಿಮಗೂ ಹೇಳುವುದಿಲ್ಲ. ಬಟ್ಟೆ ಬಿಚ್ಚಿದಾಗ ಎಂಟು ಮುಖಗಳಿದ್ದವು. ಚೌಸಿಕು ಎದ್ದು ನಿಂತಳು. ಐದು ತಿಂಗಳು ಜೈಲಿನಲ್ಲಿದ್ದು ಬಂದ ಅವಳ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಇವಳನ್ನು ಯಾಕೆ ಕರೆತಂದೆ ಎಂದು ಬಿ ಜುವೇನಾರನ್ನು ಕೇಳಿದಳು. ಅವಳೇ ಹೇಳ್ತಾಳೆ ಎಂದರು ಅವರು.

ವಿಯೆನ್ನಾದಲ್ಲಿ ಮೂರು ನಿಮಿಷ ನಿರಾಳವಾಗಿ ಮಾತಾಡಿದವಳು ನಾನು. ಇಲ್ಲಿ ನಿಂತು ಹೇಳಲು ಆಗಲಿಲ್ಲ, ಕೂತೆ. ಪೊಲೀಸರ ಕೈಯಲ್ಲಿದ್ದ ಕಾಗದ ನಾನು ಬರೆದದ್ದು ಎಂದೆ. ಒಬ್ಬಳು ಬಂದು ನನ್ನ ಮುಖಕ್ಕೆ ಉಗಿದಳು. ಒರೆಸಿಕೊಳ್ಳಲಿಲ್ಲ. ಚೌಸಿಕು ನನ್ನೆದುರು ಕೂತು ಮಾತಾಡಿದಳು.

"ಕೊನೇ ದಿನ ಸೌಮು ಅಕ್ಕ ಏನಂದ್ಲು ಗೊತ್ತಾ? ರಿಜಿಕಿಗೆ ಸುದ್ದಿ ಮುಟ್ಟಿಸ್ರೇ, ಅವಳು ಹೆಂಗಾದ್ರೂ ಮಾಡಿ ನೀರು ತರ್ತಾಳೆ ಅಂದ್ಲು. ನಾವು ಪೊಲೀಸ್ನೋನ ಕಾಲು ಹಿಡಿದು ನಿನ್ನ ಹೆಸರು ಹೇಳಿ ಕಳಿಸ್ಬೇಕು ಅಂತಿದ್ವಿ."

ಅವರು ಬಡಿದಿದ್ದರೆ ಒಳ್ಳೆಯದಿತ್ತು. ಬಡಿಯಲಿಲ್ಲ. ಹೊಸ ಸೂಜಿ ಬೇಕು, ಹಳೆಯದನ್ನೇ ಎಂಟು ಜನ ಹಂಚಿಕೊಳ್ಳುತ್ತಿದ್ದೇವೆ, ಇಬ್ಬರಿಗೆ ಕೀವಾಗಿದೆ ಎಂದಳು ಚೌಸಿಕು. ಆದರೆ ನೀನು ಇಲ್ಲಿಗೆ ಬರಕೂಡದು ಎಂದಳು. ಮೀನುಕಟ್ಟೆಯ ಮೆಟ್ಟಿಲ ಮೇಲೆ ಹೊಸ ಸೂಜಿ, ಡಬ್ಬ ಇಡು, ಕಡಲ ಕಡೆ ತಿರುಗಿ ನಿಲ್ಲು, ಯಾರು ಬಂದರು ಯಾವ ಕಡೆ ಹೋದರು ಎಂದು ನೋಡಬೇಡ, ನೋಡಿದ ದಿನ ನಾವು ಬರುವುದಿಲ್ಲ ಎಂದಳು. ಒಪ್ಪಿದೆ. ವಾಪಸು ಬರುವಾಗ ಬಟ್ಟೆಯನ್ನು ನನ್ನ ಕಣ್ಣಿಗೆ ನಾನೇ ಕಟ್ಟಿಕೊಂಡೆ. ಮಾರನೇ ದಿನ ದೋಣಿಯವನ ಮನೆಗೂ ಹೋದೆ. ಅವನು ಹೊಡೆದ. ಅದೊಂದೇ ಸಮಾಧಾನ.

ಆ ವಾರ ಮೇಡಂ ಕರೆಸಿದರು. ಮೇಜಿನ ಮೇಲೆ ಸರ್ಕಾರದ ಪತ್ರ ಇತ್ತು. ಹೆಂಗಸರ ಕ್ಲಿನಿಕ್ಕಿಗೆ ಮಂಜೂರಾತಿ ಸಿಗುವ ಹಾಗಿದೆಯಂತೆ, ಅವರು ಈಗ ಎಲ್ಲೆಲ್ಲಿದ್ದಾರೆ ಎಂದು ಹೊಸ ನಕ್ಷೆ ಬೇಕಂತೆ. ಈ ಸಲ ಹುಷಾರಾಗಿ ಮಾಡೋಣ, ಜಾಗದ ಹೆಸರು ಬರೆಯುವುದು ಬೇಡ ಎಂದರು ಮೇಡಂ. ನಿಜವಾಗಿಯೂ ಕ್ಲಿನಿಕ್ ಆದರೂ ಆಗಬಹುದು. ಸೌಮುವಿನಂಥವರು ಸರದಿ ಕಾದು ಸಾಯುವುದು ತಪ್ಪಬಹುದು. ಅದೆಲ್ಲ ನನ್ನ ತಲೆಗೆ ಬಂತು. ಬಂದದ್ದಕ್ಕೇ ಇನ್ನೂ ಸಿಟ್ಟು ಬಂತು.

"ಬರೆಯಲ್ಲ ಮೇಡಂ" ಎಂದೆ.

"ಕೆಲಸ ಹೋಗತ್ತೆ ರಿಜಿಕಿ."

"ಹೋಗ್ಲಿ. ಕ್ಲಿನಿಕ್ ಕಟ್ಟೋದಾದ್ರೆ ಕಟ್ಟಿ ಬಾಗಿಲು ತೆಗೆದಿಡಿ. ಅವರಿಗೆ ಬೇಕು ಅನ್ಸಿದ್ರೆ ಅವರೇ ಬರ್ತಾರೆ. ಅವರು ಎಲ್ಲಿ ಕೂತಿದಾರೆ ಅಂತ ನಿಮಗ್ಯಾಕೆ ಗೊತ್ತಾಗ್ಬೇಕು? ನನಗೂ ಗೊತ್ತಿಲ್ಲ. ಗೊತ್ತಿದ್ರೂ ಬರೆಯಲ್ಲ."

ಬೀರುವಿನಲ್ಲಿರುವ ಹಳೆಯದನ್ನು ಕೊಡಿ ಎಂದು ಕೇಳಿದೆ. ಮೇಡಂ ಕೊಟ್ಟೇಬಿಟ್ಟರು. ಹರಿದು ಏನು ಪ್ರಯೋಜನ, ಅದು ಕಂಪ್ಯೂಟರಿನಲ್ಲಿದೆ, ಮಝೇರನ ಮೊಬೈಲಿನಲ್ಲಿದೆ, ಎಲ್ಲೆಲ್ಲಿ ಇದೆಯೋ ಯಾರಿಗೆ ಗೊತ್ತು. ಆದರೂ ಹರಿದೆ. ಕುತ್ತಿಗೆಯಲ್ಲಿದ್ದ ಸಂಸ್ಥೆಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಮೇಡಂ ಅದನ್ನೇ ನೋಡುತ್ತ ಕೂತರು. ನನ್ನನ್ನು ನೋಡಲಿಲ್ಲ.

ಕ್ಲಿನಿಕ್ಕಿನಲ್ಲಿ ಸಿರಪ್ ಇನ್ನೂ ಕೊಡುತ್ತಿದ್ದಾರೆ. ಇವತ್ತಿನವರೆಗೆ. ಹಳೆ ಸೂಜಿ ಎಷ್ಟು ತಂದರೆ ಅಷ್ಟು ಹೊಸದನ್ನು ನರ್ಸು ಕೊಡುತ್ತಾಳೆ, ಚೀಟಿ ಕೇಳುವುದಿಲ್ಲ. ಹಗಲೆಲ್ಲ ತೆಂಗಿನ ಸಿಪ್ಪೆ ಸುಲಿಯುವ ಕೂಲಿ ಮಾಡುತ್ತೇನೆ. ದಿನ ಬಿಟ್ಟು ದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೊಸ ಸೂಜಿ, ಹಳದಿ ಡಬ್ಬ ಇಟ್ಟು, ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಮೀನುಕಟ್ಟೆಯವರು ನಗುತ್ತಾರೆ. ಪುಡಿ ಗಿರಾಕಿಗೆ ಈಗ ತಲೆಯೂ ಕೆಟ್ಟಿದೆ ಎನ್ನುತ್ತಾರೆ. ಹಿಂದೆ ಹೆಜ್ಜೆ ಸಪ್ಪಳವಾಗುತ್ತದೆ, ಡಬ್ಬದ ಮುಚ್ಚಳ ತೆರೆಯುತ್ತದೆ, ಹಳೆ ಸೂಜಿ ಬಿದ್ದ ಸದ್ದಾಗುತ್ತದೆ. ಆಮೇಲೆ ಹೆಜ್ಜೆ ದೂರವಾಗುತ್ತದೆ. ಬಲಕ್ಕೋ ಎಡಕ್ಕೋ ಎಂದು ಕಿವಿ ತಾನಾಗಿ ಹುಡುಕುತ್ತದೆ. ಇಪ್ಪತ್ತು ವರ್ಷ ಈ ಕೇರಿ ಅಲೆದ ಕಿವಿ. ಅದು ಹುಡುಕಬಾರದೆಂದು ಗಟ್ಟಿಯಾಗಿ ಏನಾದರೂ ಹಾಡಿಕೊಳ್ಳುತ್ತೇನೆ.

ಐದು ತಿಂಗಳು ಹೀಗೇ ನಡೆಯಿತು. ಒಂದು ಮಾತಿಲ್ಲ. ಮೊನ್ನೆ ಸೂಜಿ ಬಿದ್ದ ಸದ್ದಾದ ಮೇಲೆ ಹೆಜ್ಜೆ ಅಲ್ಲೇ ನಿಂತಿತು. ಚೌಸಿಕು ದನಿ.

"ಇನ್ನು ಹದಿಮೂರು ಜಾಸ್ತಿ ತಾ."

ಹದಿಮೂರು. ಅಂದರೆ ಹೊಸಬರು ಬಂದಿದ್ದಾರೆ. ಯಾರು, ಯಾವ ಕೇರಿಯಿಂದ, ಅಷ್ಟು ಜನ ಹಿಡಿಸುವ ಜಾಗ ಯಾವುದು ಎಂದು ನನ್ನ ತಲೆ ಆಗಲೇ ಗೀಚಲು ಶುರು ಮಾಡಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಣ್ಣು ಮುಚ್ಚಿಕೊಂಡೆ.

"ತರ್ತೀನಿ" ಎಂದೆ. ಯಾರಿಗೆ ಎಂದು ಕೇಳಲಿಲ್ಲ.